ಹದಿನೇಳನೆಯ ನಂಬರಿನ ಮುಚ್ಚಳ

ನಮ್ಮ ಚಿಕ್ಕಮ್ಮನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಅಂಟು ಚಿಕ್ಕಮ್ಮ. ಒಂಬತ್ತು ವರ್ಷ ಡಬ್ಬಿಗಳಿಗೆ ಚೀಟಿ ಅಂಟಿಸಿ ಅಂಟಿಸಿ ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು. ಅವಳ ಕೈಗೆ ಲೋಟ ಕೊಟ್ಟರೆ ಅಂಟಿಕೊಂಡುಬಿಡುತ್ತದೆ, ವಾಪಸು ಬರುವುದಿಲ್ಲ ಎಂದು ನಾವು ರೇಗಿಸುತ್ತಿದ್ದೆವು, ಅವಳೂ ನಗುತ್ತಿದ್ದಳು. ಈಗ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಕಾರ್ಖಾನೆಯ ಕೊನೆಯ ಮೇಜು ಅವಳದು. ಚೀಟಿ ಅಂಟಿಸಬೇಕು, ಮುಚ್ಚಳ ಒತ್ತಬೇಕು, ಮುಚ್ಚಳದ ಮೇಲೆ ತನ್ನ ನಂಬರು ಗುದ್ದಬೇಕು. ಡಬ್ಬಿ ಸೋರಿದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂದು ಈ ಏರ್ಪಾಡು. ಚಿಕ್ಕಮ್ಮನ ನಂಬರು ಹದಿನೇಳು. ಒಂಬತ್ತು ವರ್ಷದಲ್ಲಿ ಹದಿನೇಳರ ಡಬ್ಬಿ ಒಂದೂ ಸೋರಿಲ್ಲ ಎಂದು ಅವಳಿಗೆ ಬಲು ಹೆಮ್ಮೆ.

ಡಬ್ಬಿಯಲ್ಲಿ ಇರುತ್ತಿದ್ದುದು ಹಳೆಯ ಪೇಂಟು ಕಿತ್ತುಹಾಕುವ ಲೇಪ. ಅದರ ಆವಿ ಕುಡಿದು ತಲೆ ತಿರುಗಿ ಬಿದ್ದವನು ಮತ್ತೆ ಏಳುವುದಿಲ್ಲವೆಂದು ನಮ್ಮ ದೇಶದ ಅಂಗಡಿಗಳಲ್ಲಿ ಅದನ್ನು ಮಾರುವಂತಿಲ್ಲ. ಆದರೆ ತಯಾರಿಸಬಹುದು. ಸೇತುವೆಯಾಚೆಯ ದೇಶಕ್ಕೆ ಲಾರಿಗಟ್ಟಲೆ ಕಳಿಸಬಹುದು. ಅಲ್ಲಿ ಅದು ಪೊರಕೆ, ಬಕೆಟ್ಟುಗಳ ಪಕ್ಕದಲ್ಲೇ ಕೂತಿರುತ್ತದೆ, ಯಾರು ಬೇಕಾದರೂ ಕೊಂಡು ಹೋಗಬಹುದು. ನದಿ ದಾಟಿದ ಕೂಡಲೇ ಮನುಷ್ಯನ ಶ್ವಾಸಕೋಶ ಗಟ್ಟಿಯಾಗುತ್ತದೆಂದು ಕಾನೂನು ಬರೆದ ಮಹಾನುಭಾವರು ತಿಳಿದಿರಬೇಕು.

ಕಾರ್ಖಾನೆಯಲ್ಲಿ ಮಾತ್ರ ಎಲ್ಲ ಅಚ್ಚುಕಟ್ಟು. ಕೈಗವಸು, ಮುಖಕ್ಕೆ ಮುಖವಾಡ, ಗಾಳಿ ಎಳೆಯುವ ಫ್ಯಾನುಗಳು ನೆಲಮಟ್ಟದಲ್ಲಿ. "ಆ ಆವಿಗೆ ಮೇಲೇಳೋಕೆ ಸೋಮಾರಿತನ ಕಣ್ರೋ, ಕೆಳಗೇ ಬಿದ್ಕೊಂಡಿರುತ್ತೆ," ಎಂದು ಚಿಕ್ಕಮ್ಮ ನಮಗೆ ಕತೆ ಹೇಳುತ್ತಿದ್ದಳು. ಚಿಕ್ಕಪ್ಪನೂ ಅಲ್ಲೇ ಕೂತು ಕೇಳುತ್ತಿದ್ದ. ಹೆಂಡತಿಯ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದರಲ್ಲಿ ಅವನು ನಿಸ್ಸೀಮ.

ಚಿಕ್ಕಪ್ಪನ ಕೆಲಸ ಸ್ನಾನದ ತೊಟ್ಟಿಗಳಿಗೆ ಹೊಸ ಬಣ್ಣ ಹಾಕುವುದು. ಊರಿಗೆಲ್ಲ ಅವನು ತೊಟ್ಟಿ ಡಾಕ್ಟರು. ತೊಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂತು ಹಳೆಯ ಪದರವನ್ನು ಕೆರೆದು ತೆಗೆಯಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಸಪ್ಪೆ ಲೇಪದಲ್ಲಿ ಒಂದು ತೊಟ್ಟಿಗೆ ಎರಡು ದಿನ ಹಿಡಿಯುತ್ತಿತ್ತು. ಗಾಳಿ ಆಡಿದರೆ ಲೇಪ ಒಣಗಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುವುದು ಈ ಕಸುಬಿನವರೆಲ್ಲರ ರೂಢಿ. ಸಪ್ಪೆ ಲೇಪದಿಂದ ಅವನಿಗೆ ಕಣ್ಣು ಉರಿಯುವುದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಆ ವರ್ಷ ಒಂದು ಹಳೆಯ ಹೋಟೆಲಿನ ನಲವತ್ತು ತೊಟ್ಟಿಗಳ ಕೆಲಸ ಅವನಿಗೆ ಸಿಕ್ಕಿತು. ಹನ್ನೆರಡು ತೊಟ್ಟಿ ಮುಗಿಯುವಷ್ಟರಲ್ಲಿ ಕಂಟ್ರಾಕ್ಟರ್ ಬಂದು ಗಡಿಯಾರ ನೋಡಿದ. ಆಚೆ ದಡದವರು ದಿನಕ್ಕೆ ಮೂರು ತೊಟ್ಟಿ ಮುಗಿಸುತ್ತಾರೆ, ಸೋಮವಾರದಿಂದ ಅವರನ್ನೇ ಕರೆಸುತ್ತೇನೆ ಎಂದ. ಚಿಕ್ಕಪ್ಪನಿಗೆ ಐವತ್ತಾರು ವಯಸ್ಸು, ಮಂಡಿ ಸವೆದಿತ್ತು. ಈ ಕೆಲಸ ಕೈಬಿಟ್ಟರೆ ಇನ್ನೊಬ್ಬರು ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವರು ಅಷ್ಟು ಬೇಗ ಹೇಗೆ ಮಾಡುತ್ತಾರೆ ಎಂದು ಕೇಳಿದ.

"ಅವರ ಲೇಪ ಬೇರೆ. ಸೇತುವೆ ದಾಟೋಕೆ ನಿನಗೇನು ಕಾಲಿಲ್ವಾ?" ಎಂದ ಕಂಟ್ರಾಕ್ಟರ್.

ಭಾನುವಾರ ಚಿಕ್ಕಪ್ಪ ಸೇತುವೆ ದಾಟಿದ. ಎರಡು ಡಬ್ಬಿ ಕೊಂಡು, ಚೀಲದಲ್ಲಿ ಟವೆಲ್ಲಿನ ಕೆಳಗೆ ಇಟ್ಟುಕೊಂಡು ಬಂದ. ಹೆಂಡ, ಸಿಗರೇಟು ಹುಡುಕುವ ಗಡಿಯ ಕಾವಲುಗಾರ ಟವೆಲ್ಲನ್ನು ಎತ್ತಿಯೂ ನೋಡಲಿಲ್ಲ. ಡಬ್ಬಿಯ ಮೇಲಿನ ಬರಹ ಆಚೆಯವರ ಭಾಷೆಯಲ್ಲಿತ್ತು. ಚಿಕ್ಕಪ್ಪನಿಗೆ ಅದರ ಒಂದಕ್ಷರವೂ ಬಾರದು. ಚಿತ್ರದಲ್ಲಿ ಬ್ರಷ್ ಹಿಡಿದವನೊಬ್ಬ ನಗುತ್ತಿದ್ದ. ಹೆಂಡತಿ ಬೈಯುತ್ತಾಳೆಂದು ಮನೆಯಲ್ಲಿ ಬಾಯಿ ಬಿಡದೆ ಡಬ್ಬಿಗಳನ್ನು ಸೀದಾ ಹೋಟೆಲಿಗೆ ಸಾಗಿಸಿದ. ಸೋಮವಾರ ಸಂಜೆ ಮೂರು ತೊಟ್ಟಿ ಮುಗಿಸಿ, ತಲೆನೋವು ಎಂದು ಬೇಗ ಮಲಗಿದ. ಅವನ ಅಂಗಿ ಘಾಟು ಬಡಿಯುತ್ತಿತ್ತು. ಒಂಬತ್ತು ವರ್ಷದಿಂದ ಅದೇ ಘಾಟು ಹೊತ್ತು ಮನೆಗೆ ಬರುತ್ತಿದ್ದ ಚಿಕ್ಕಮ್ಮ, ಅದು ತನ್ನ ಬಟ್ಟೆಯದೇ ಎಂದುಕೊಂಡು ಎರಡು ಜೊತೆಯನ್ನೂ ಒಟ್ಟಿಗೇ ಒಗೆದು ಹಾಕಿದಳು.

ಮಂಗಳವಾರ ಮಧ್ಯಾಹ್ನ ಹದಿನಾರನೆಯ ತೊಟ್ಟಿಯಲ್ಲಿ ಅವನು ಸಿಕ್ಕಿದ. ಕಿಟಕಿ ಮುಚ್ಚಿತ್ತು, ಬಾಗಿಲ ಸಂದಿಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಕೆರೆಯುತ್ತಿದ್ದ ಜಾಗಕ್ಕೇ ಹಣೆ ಆನಿಸಿ ಕೂತಿದ್ದ. ನಿಷೇಧಿಸಿದ ವಸ್ತು ತರಲು ತಾನು ಹೇಳಿಯೇ ಇಲ್ಲವೆಂದು ಕಂಟ್ರಾಕ್ಟರ್ ಕೈತೊಳೆದುಕೊಂಡ. ಬುಧವಾರದಿಂದಲೇ ಆಚೆ ದಡದವರು ಬಂದು, ಅದೇ ತೊಟ್ಟಿಯಿಂದ ಶುರು ಮಾಡಿದರು.

ಇನ್‌ಸ್ಪೆಕ್ಟರ್ ಡಬ್ಬಿಯನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಮಾರಿದವನನ್ನು ಹಿಡಿಯಲು ಬರುವುದಿಲ್ಲ, ಅಲ್ಲಿ ಅದು ತಪ್ಪಲ್ಲ ಎಂದ. ತಯಾರಿಸಿದವರನ್ನೂ ಹಿಡಿಯಲು ಬರುವುದಿಲ್ಲ, ಇಲ್ಲಿ ಅದು ತಪ್ಪಲ್ಲ. ಅದನ್ನು ಗಡಿ ದಾಟಿಸಿ ಇಲ್ಲಿಗೆ ತಂದು ತಪ್ಪು ಮಾಡಿದವನು ಒಬ್ಬನೇ, ಅವನು ಸತ್ತಿದ್ದಾನೆ, ಆದ್ದರಿಂದ ಫೈಲು ಮುಚ್ಚುತ್ತೇವೆ ಎಂದ. ಆಮೇಲೆ, ಇದು ಎಲ್ಲಿಂದ ಬಂತೆಂದು ಗೊತ್ತೇ ಎಂದು ವಾಡಿಕೆಗೆ ಕೇಳಿದ. ಚಿಕ್ಕಮ್ಮ ಮುಚ್ಚಳದ ಮೇಲೆ ಬೆರಳಾಡಿಸಿದಳು. ಹದಿನೇಳು.

"ನಾನೇ ಮುಚ್ಚಿದ್ದು," ಎಂದಳು. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ. ಬರೆಯಲು ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ವಾರ ಕಳೆದು ಕೆಲಸಕ್ಕೆ ಹೋದ ದಿನ ಅವಳು ಒಂದು ಚೀಟಿ ಹಿಡಿದು ಸೂಪರ್‌ವೈಸರ್ ಬಳಿ ನಿಂತಳು. ಇದರಲ್ಲಿ ಏನು ಬರೆದಿದೆ ಓದಿ ಹೇಳಿ ಎಂದು ಕೇಳಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವನು ಓದಿ ಹೇಳಿದ: ಕಿಟಕಿ ತೆರೆದಿಡಿ, ತಗ್ಗಿನಲ್ಲಿ ಕೂತು ಬಳಸಬೇಡಿ. ಆ ಎರಡು ಸಾಲನ್ನು ನಮ್ಮ ಭಾಷೆಯಲ್ಲೂ ಹಾಕಿಸಿ ಎಂದು ಅವಳು ಬೇಡಿಕೊಂಡಳು.

"ಇಲ್ಲಿ ಮಾರೋದೇ ಇಲ್ವಲ್ಲಮ್ಮ," ಎಂದ ಅವನು, ಸಿಟ್ಟೇನೂ ಇಲ್ಲದೆ. "ಇಲ್ಲಿಯವರಿಗೆ ಯಾಕೆ ಬರೀಬೇಕು?"

ಚಿಕ್ಕಮ್ಮ ಮೇಜಿಗೆ ವಾಪಸು ಬಂದಳು. ಕೈಗವಸು ಹಾಕಿಕೊಂಡು, ಮುಖವಾಡ ಬಿಗಿದು, ಸಂಜೆಯವರೆಗೆ ಮುನ್ನೂರು ಮುಚ್ಚಳಗಳ ಮೇಲೆ ಹದಿನೇಳು ಎಂದು ಗುದ್ದಿದಳು. ಅವಳು ಗುದ್ದದಿದ್ದರೆ ಆ ನಂಬರನ್ನು ಇನ್ನೊಬ್ಬಳಿಗೆ ಕೊಡುತ್ತಾರೆ.