ಮೀಸೆ ತೆಗೆಸಿದ ಶಿವಸ್ವಾಮಿ

ನರಸೀಪುರದ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿರುವ ಶಿವಸ್ವಾಮಿ ಮಾತು ಕಡಿಮೆಯ ಮನುಷ್ಯ. ಬೆಲ್ಟು ಹರಿದರೆ, ಬೇರಿಂಗು ಕೂಗಿದರೆ ಬಂದು ಸರಿಮಾಡಿ, ಮತ್ತೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂರುತ್ತಾನೆ. ಭಕ್ತಿಗೀತೆ ಕೇಳುತ್ತಿರಬೇಕು ಎಂದು ಜೊತೆಯವರು ತಿಳಿದಿದ್ದರು. ಅವನೂ ಇಲ್ಲವೆನ್ನಲಿಲ್ಲ.

ಅವನು ಕೇಳುತ್ತಿದ್ದದ್ದು ಲೆನ್ನಿ ಪಾರ್ಕಿನ್ ಎಂಬ ಇಂಗ್ಲೆಂಡಿನವನ ಗಿಟಾರು. ಪಂಕ್ ರಾಕ್ ಎಂದು ಆ ಸಂಗೀತಕ್ಕೆ ಹೆಸರು. ಆಲಾಪವಿಲ್ಲ, ನಯವಿಲ್ಲ, ತಂತಿಗಳನ್ನು ಒಂದೇ ಸಮನೆ ಬಡಿಯುತ್ತ, ಎದೆಯಲ್ಲಿದ್ದ ಸಿಟ್ಟನ್ನೆಲ್ಲ ಕೂಗಿ ಮುಗಿಸುವುದು. ಹುಡುಗನಾಗಿದ್ದಾಗ ಶಿವಸ್ವಾಮಿ ಸೋಮನಾಥಪುರದ ಗುಡಿಯ ಮುಂದೆ ಎಳನೀರು ಮಾರುತ್ತಿದ್ದ. ನೋಡಲು ಬಂದಿದ್ದ ಒಬ್ಬ ವಿದೇಶಿ ತರುಣ ತನ್ನ ಕಿವಿಯಲ್ಲಿದ್ದದ್ದನ್ನು ತೆಗೆದು ಇವನ ಕಿವಿಗಿಟ್ಟು ನಕ್ಕ. ಹೋಗುವಾಗ ಆ ಕ್ಯಾಸೆಟ್ಟನ್ನೂ ಕೊಟ್ಟುಹೋದ. ಹಾಡಿನ ಒಂದು ಮಾತೂ ಇವನಿಗೆ ಅರ್ಥವಾಗಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಫೇಲಾಗಿ, ಯಾರ ಮುಂದೂ ದನಿಯೆತ್ತದೆ ನುಂಗಿಕೊಂಡಿದ್ದದ್ದನ್ನೆಲ್ಲ ಆ ಗಿಟಾರು ತನ್ನ ಪರವಾಗಿ ಹೇಳುತ್ತಿದೆ ಎನ್ನಿಸಿತು. ಕ್ಯಾಸೆಟ್ಟಿನ ಮೇಲಿದ್ದ ಹೆಸರನ್ನು ಮೇಷ್ಟ್ರ ಕೈಲಿ ಓದಿಸಿಕೊಂಡು ಬಾಯಿಪಾಠ ಮಾಡಿದ.

ಒಮ್ಮೆ ಗೆಳೆಯ ಗಂಗಾಧರಸ್ವಾಮಿಯ ಆಟೋದಲ್ಲಿ ಅದನ್ನು ಹಾಕಿಸಿದ್ದುಂಟು. "ಇದೇನ್ಲಾ, ಮಿಲ್ಲಲ್ಲಿ ಬೆಲ್ಟ್ ಕಿತ್ಕೊಂಡಂಗದೆ," ಎಂದು ಅವನು ಸ್ಟ್ಯಾಂಡಿನವರನ್ನೆಲ್ಲ ಕರೆದು ಕೇಳಿಸಿದ. ಮದುವೆಯಾದ ಹೊಸದರಲ್ಲಿ ಹೆಂಡತಿ ವನಜಾಕ್ಷಿಗೂ ಹಾಕಿ ತೋರಿಸಿದ. ಟೇಪು ಸಿಕ್ಕಿಹಾಕಿಕೊಂಡಿದೆಯಾ ಎಂದು ಅವಳು ಪಾಪ ನಿಜವಾಗಿಯೂ ಕೇಳಿದಳು. ಅಲ್ಲಿಂದಾಚೆ ಅವನು ಲೆನ್ನಿಯ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ಕ್ಯಾಸೆಟ್ಟು ಹೋಗಿ ಮೊಬೈಲು ಬಂತು, ಲೆನ್ನಿಗೆ ಮುಪ್ಪಾಯಿತು, ಇವನ ತಲೆಯೂ ನರೆಯಿತು. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಈಚೆಗೆ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಫೋನಿನಲ್ಲಿ ಸುದ್ದಿ ಬಂತು. ಲೆನ್ನಿ ತೀರಿಕೊಂಡಿದ್ದ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಶಿವಸ್ವಾಮಿಗೆ ಅನ್ನ ಸೇರಲಿಲ್ಲ. ಹೋದವರಿಗಾಗಿ ಏನಾದರೂ ಮಾಡಬೇಕು ಎನ್ನಿಸಿತು. ಅವನಿಗೆ ಗೊತ್ತಿದ್ದದ್ದು ಒಂದೇ, ತಲೆ ಬೋಳಿಸಿ ಹೊಳೆಯಲ್ಲಿ ಮುಳುಗುವುದು. ಊರಿನ ಸಂಗಮದಲ್ಲಿ ಮುಳುಗಿದರೆ ಗುರುತಿನವರು ಕೇಳುತ್ತಾರೆ. ಮಾರನೆಯ ದಿನ ರಜೆ ಹಾಕಿ, ಮನೆಯಲ್ಲೂ ಹೇಳದೆ ನಂಜನಗೂಡಿನ ಬಸ್ಸು ಹತ್ತಿದ. ಅಲ್ಲಿ ದಿನಬೆಳಗಾದರೆ ಮುಡಿ ಕೊಡುವವರು. ಬೋಳುತಲೆಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಕಪಿಲೆಯ ದಡದಲ್ಲಿ ಕ್ಷೌರದವನು ತಲೆಗೆ ನೀರು ತಟ್ಟುತ್ತ ಕೇಳಿದ: "ಅರಕೆನಾ, ಸೂತ್ಕಾನಾ?"

ಹರಕೆಯ ಮುಡಿಯಾದರೆ ಮೀಸೆ ಮುಟ್ಟುವುದಿಲ್ಲ. ಮನೆಯಲ್ಲಿ ಸಾವಾಗಿದ್ದರೆ ಅದನ್ನೂ ತೆಗೆಯಬೇಕು. ಹರಕೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎದುರಿಗೇ ನಂಜುಂಡನ ಗೋಪುರ. ಹೊರದ ಹರಕೆಯನ್ನು ಹೊತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ. ಸೂತಕ ಎಂದ.

"ಅಪ್ಪಾರಾ?"

ಶಿವಸ್ವಾಮಿ ಹೂಂ ಎಂದು ತಲೆಯಾಡಿಸಿದ. ಕತ್ತಿ ಮೇಲ್ದುಟಿಯ ಮೇಲೆ ಹಾದುಹೋಯಿತು.

ಅವನ ತಂದೆ ಹುಚ್ಚಯ್ಯ ಆ ಹೊತ್ತಿಗೆ ನರಸೀಪುರದ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಮುಳುಗೆದ್ದು ದೇವರ ದರ್ಶನಕ್ಕೆ ಹೋದರೆ ಶಿವಸ್ವಾಮಿಗೆ ಕಣ್ಣೆತ್ತಲು ಆಗಲಿಲ್ಲ. ಹೊರಗೇ ಕೈಮುಗಿದು ಬಂದುಬಿಟ್ಟ. ಸಂಜೆ, ಟವೆಲನ್ನು ತಲೆಗೆ ಸುತ್ತಿ ಮೂಗಿನವರೆಗೆ ಎಳೆದುಕೊಂಡು ಮನೆಯ ಬೀದಿಗೆ ತಿರುಗಿದರೆ ಬಾಗಿಲಲ್ಲಿ ಜನ. ಹೊಳೆಯ ಹತ್ತಿರ ಹೆಮ್ಮರಗಾಲದ ಯಾರೋ ಮೀಸೆಯಿಲ್ಲದ ಅವನನ್ನು ಕಂಡು ತಮ್ಮೂರಿಗೆ ಹೋಗಿ ಹೇಳಿದ್ದರು. ಆ ಊರಿನಲ್ಲಿದ್ದ ಸೋದರತ್ತೆ ಪುಟ್ಟಬಸಮ್ಮ ಹಾರ ಹಿಡಿದು, ಆಟೋದಲ್ಲಿ ಎದೆ ಬಡಿದುಕೊಳ್ಳುತ್ತ ಬಂದಿದ್ದರು. ಬಂದವರನ್ನು ಏನವ್ವ, ಯಾರಿಗೇನಾಯಿತು ಎಂದು ಇಳಿಸಿಕೊಂಡವರು ಹುಚ್ಚಯ್ಯನವರೇ. ಈಗ ಪುಟ್ಟಬಸಮ್ಮ ಜಗಲಿಯ ಮೇಲೆ ನೀರು ಕುಡಿಯುತ್ತಿದ್ದರು, ಹಾರ ಪಕ್ಕದಲ್ಲಿತ್ತು. ವನಜಾಕ್ಷಿ ಗಂಡನನ್ನು ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರ ಕಣ್ಣೂ ಟವೆಲು ಜಾರಿದ ಅವನ ತುಟಿಯ ಮೇಲೆಯೇ. ಹುಚ್ಚಯ್ಯ ಎದ್ದು ಒಳಗೆ ಹೋದರು.

ಬಂದವರು ಹೋದ ಮೇಲೆ ಶಿವಸ್ವಾಮಿ ಅಪ್ಪನ ಕಾಲ ಬಳಿ ಕೂತು, ಸೋಮನಾಥಪುರದಿಂದ ಹಿಡಿದು ಎಲ್ಲವನ್ನೂ ಹೇಳಿದ. ಕ್ಷೌರದವನು ಕೇಳಿದ್ದನ್ನೂ ತಾನು ತಲೆಯಾಡಿಸಿದ್ದನ್ನೂ ಮುಚ್ಚಿಡಲಿಲ್ಲ. ಹುಚ್ಚಯ್ಯ ಗೋಡೆಯ ಕಡೆ ತಿರುಗಿ ಕೇಳಿದರು.

"ಆವಪ್ಪನ ಎಸ್ರು ಯೋಳಕ್ಕೆ ಏನಾಗಿತ್ತು ಮೊಗ?"

"ನಾಚ್ಕೆ ಆಯ್ತು ಕಣಪ್ಪ. ನಗ್ತಾರೆ ಅಂತ."

"ನನ್ನ ಸಾಯ್ಸಕ್ಕೆ ಆಗ್ನಿಲ್ವಾ ನಾಚ್ಕೆ?"

ಅವರು ಗದರಿಸಿದ್ದರೆ ತಡೆದುಕೊಳ್ಳಬಹುದಿತ್ತು. ದನಿ ಏರಲೇ ಇಲ್ಲ. ಅಪ್ಪ ಊಟ ಬೇಡವೆಂದು ಮಗ್ಗುಲಾದರು.

ಬೆಳಿಗ್ಗೆ ಹುಚ್ಚಯ್ಯ ಒಗೆದ ಪಂಚೆ ಉಟ್ಟು, ನಡೆ, ಟೀ ಅಂಗಡಿಗೆ ಹೋಗೋಣ, ನಾನು ಬದುಕಿರುವುದನ್ನು ನಾಲ್ಕು ಜನ ನೋಡಲಿ ಎಂದರು. ಬೀದಿಯುದ್ದಕ್ಕೂ ಶಿವಸ್ವಾಮಿ ಒಂದು ಹೆಜ್ಜೆ ಹಿಂದೆಯೇ ನಡೆದ. ತುಟಿಗೆ ಅಡ್ಡ ಹಿಡಿದ ಕೈಯನ್ನು ಕಂಡು, "ಕೈ ತೆಗಿ," ಎಂದಷ್ಟೇ ಅಂದರು ಅಪ್ಪ.

ಅಂಗಡಿಯ ಮಹದೇವ ಇಬ್ಬರನ್ನೂ ಮೇಲೆ ಕೆಳಗೆ ನೋಡಿ, ಯಾರು ತೀರಿಕೊಂಡದ್ದು ಎಂದು ಕೇಳಿದ. ಶಿವಸ್ವಾಮಿ ಅಪ್ಪನ ಮುಖ ನೋಡಿದ. ಅವರು ಟೀ ಊದುತ್ತಿದ್ದರು.

"ಲೆನ್ನಿ ಪಾರ್ಕಿನ್ ಅಂತ. ಇಂಗ್ಲೆಂಡ್‌ನೋರು. ಗಿಟಾರ್ ನುಡಿಸೋರು."

ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಂಗೇನಾಗ್ಬೇಕಣ್ಣ ಅವ್ರು?" ಎಂದ ಮಹದೇವ.

ಶಿವಸ್ವಾಮಿಯ ಕಿವಿ ಬಿಸಿಯಾಯಿತು. "ಏನೂ ಆಗ್ಬೇಕಿಲ್ಲ. ನಂಗಿಷ್ಟ, ಅಷ್ಟೆಯ."

ಅದಕ್ಕೆ ಅಪ್ಪ ಸತ್ತಾಗ ತೆಗೆಸುವ ಮೀಸೆಯನ್ನು ಈಗಲೇ ತೆಗೆಸಿಬಿಟ್ಟೆಯಾ ಎಂದು ಬೆಂಚಿನ ತುದಿಯಲ್ಲಿ ಕೂತಿದ್ದವನು ನಕ್ಕ. ನಗು ಬೆಂಚಿಡೀ ಹರಡಿತು. ಶಿವಸ್ವಾಮಿ ಅವರ ಕಡೆ ತಿರುಗಲಿಲ್ಲ. "ತಪ್ಪಾಯ್ತು ಕಣಪ್ಪ," ಎಂದ, ಎಲ್ಲರಿಗೂ ಕೇಳುವ ಹಾಗೆ.

ಹುಚ್ಚಯ್ಯ ಟೀ ಮುಗಿಸಿ ಎದ್ದು ಮನೆಯ ಕಡೆ ನಡೆದರು. ಅರ್ಧ ದಾರಿಯಲ್ಲಿ, ಹಿಂದಿರುಗಿ ನೋಡದೆ, ಆ ಹೆಸರನ್ನು ಇನ್ನೊಂದು ಸಲ ಹೇಳು ಎಂದರು. ಶಿವಸ್ವಾಮಿ ಹೇಳಿದ. ಅಪ್ಪನ ನಾಲಿಗೆಗೆ ಅದು ಹತ್ತಲಿಲ್ಲ.

"ಯಾರು ಸತ್ತದ್ದು ಅಂತ ಪುಟ್ಟಬಸಿ ಕೇಳ್ತಾಳೆ," ಎಂದರು. "ಅವ್ಳಿಗೆ ನೀನೇ ಓಗಿ ಯೋಳು."

ಶಿವಸ್ವಾಮಿ ಹೂಂ ಎಂದ. ಹೆಮ್ಮರಗಾಲದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ.