ಗಟ್ಟಿ ಜನ

ವೆಸ್ಟ್ ವರ್ಜೀನಿಯಾದ ಆರೋಗ್ಯ ಇಲಾಖೆಯಲ್ಲಿ ವರ್ನಾ ಇಪ್ಪತ್ತಾರು ವರ್ಷ ಖರ್ಚಿನ ಅಂದಾಜು ಹಾಕಿದವಳು. ಅಂಕಿಯೊಂದು ತಪ್ಪಿದರೆ ಆ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ದೇಶಕ್ಕೆ ಹೊಸ ಆರೋಗ್ಯ ವಿಮೆ ಕಾನೂನು ಬಂದಾಗ, ಅದರಿಂದ ರಾಜ್ಯದಲ್ಲಿ ಎಷ್ಟು ಜನರಿಗೆ ವಿಮೆ ಸಿಕ್ಕೀತು, ಎಷ್ಟು ಖರ್ಚಾದೀತು ಎಂದು ಹೇಳುವ ಕೆಲಸ ಅವಳ ಪಾಲಿಗೆ ಬಂತು. ನೆರವಿಗೆಂದು ವಾಷಿಂಗ್ಟನ್‌ನಿಂದ ಬಂದಿದ್ದ ತಜ್ಞ ಪ್ರೆಸ್ಟನ್ ಸಮೀಕ್ಷೆಯ ಹಾಳೆಯನ್ನು ಅವಳ ಮುಂದೆ ಸರಿಸಿದ.

"ನೋಡಿ ಮೇಡಂ, ವಿಮೆ ಇಲ್ಲದೋರು ವರ್ಷಕ್ಕೆ ಒಂದ್ಸಲಾನೂ ಡಾಕ್ಟರ ಹತ್ರ ಹೋಗಿಲ್ಲ. ಗಟ್ಟಿ ಜನ. ಖರ್ಚು ಕಮ್ಮಿ ಹಾಕಿ."

ವರ್ನಾಳಿಗೆ ಮೈಯೆಲ್ಲ ಉರಿಯಿತು. "ಗಟ್ಟಿ ಜನಾನಾ? ಒಂದ್ನಿಮಿಷ ಇರಪ್ಪಾ" ಎಂದವಳೇ, ಮರ ಕಡಿದು ಬದುಕುವ ತಮ್ಮ ಡೆಲ್ಬರ್ಟ್‌ಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

"ಲೋ, ಜನವರೀಲಿ ವಿಮೆ ಕಾರ್ಡ್ ಬಂದ್ರೆ ಮೊದ್ಲು ಏನ್ ಮಾಡ್ತೀಯೋ?"

"ಫ್ರಿಜ್ ಬಾಗ್ಲಲ್ಲಿ ಪಟ್ಟಿ ಅಂಟ್ಸಿದೀನಲ್ಲಕ್ಕಾ, ಓದ್ಲಾ? ನನ್ ಹರ್ನಿಯಾ. ಹನ್ನೊಂದು ವರ್ಷದಿಂದ ಬೆಲ್ಟ್ ಬಿಗ್ಕೊಂಡೇ ಓಡಾಡ್ತಿಲ್ವಾ? ಆಮೇಲೆ ಎಡಮಂಡಿ. ಕಣ್ಣು. ಈ ಹಾಳು ಕೆಮ್ಮು."

ಪ್ರೆಸ್ಟನ್ ಪೆನ್ನು ತೆಗೆದು, ಮೊದಲ ವರ್ಷದ ಖರ್ಚನ್ನು ತಾನಾಗಿಯೇ ಏರಿಸತೊಡಗಿದ.

"ಅಷ್ಟೇನೇನೋ?" ವರ್ನಾ ಕೇಳಿದಳು.

"ಎಲ್ಲಕ್ಕಿಂತ ಮೇಲೆ ಇನ್ನೊಂದಿತ್ತು. ನನ್ ಹೆಂಡ್ತಿ ಎದೆ ಗಂಟು. ಅವಳನ್ನ ಮಣ್ಣು ಮಾಡಿ ಬಂದ ದಿನಾನೇ ಅದನ್ನ ಪಟ್ಟಿಯಿಂದ ಹೊಡೆದಾಕ್ಬಿಟ್ಟೆ."

ಪ್ರೆಸ್ಟನ್‌ನ ಪೆನ್ನು ನಿಂತಿತು. ವರ್ನಾ ಫೋನ್ ಇಟ್ಟು, ಹಾಳೆಯನ್ನು ಅವನತ್ತ ಹಿಂದಕ್ಕೆ ಸರಿಸಿದಳು.

"ಅದನ್ನ ಖರ್ಚಿಗೆ ಸೇರಿಸ್ಬೇಡಿ. ಆಕೆನೂ ಒಂದ್ಸಲಾನೂ ಡಾಕ್ಟರ ಹತ್ರ ಹೋಗಿರ್ಲಿಲ್ಲ. ಗಟ್ಟಿ ಹೆಂಗ್ಸು."