ಗೇಟಿಗೆ ಅಡ್ಡ ಕಟ್ಟಿದ ಶಾಮಿಯಾನ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಏಳನೇ ಕ್ಲಾಸಿನ ನಡುವೆ. ಅದು ಈಗೇಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ನನ್ನ ಗೋಡೌನಿನ ಶಾಮಿಯಾನಗಳನ್ನು ಬಿಸಿಲಿಗೆ ಹಾಕುವಾಗ ಕೆಂಪು-ಹಳದಿ ಪಟ್ಟೆಯ ಹಳೆಯದೊಂದು ಕೈಗೆ ಬಂತು. ನಡುವೆ ಆಳುದ್ದ ಸೀಳು. ಅದರ ಕತೆ ಹೇಳಬೇಕಾದರೆ ರುದ್ರೇಶನಿಂದ ಶುರು ಮಾಡಬೇಕು, ಅದೇ ನನಗೆ ಇಷ್ಟವಿಲ್ಲದ್ದು.

ಇಬ್ಬರೂ ಒಂದೇ ಬೆಂಚಿನವರು. ನಾನು ಶಾಲೆ ಬಿಟ್ಟೆ; ಅವನು ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮ ಬೀದಿ ತುದಿಯ ಫೈರ್ ಸ್ಟೇಷನ್ನಿಗೇ ಸೇರಿದ. ತಲೆ ಮೇಲೆ ಬೊಂಬು ಹೊತ್ತು ಶುರು ಮಾಡಿ ಈ ಪೇಟೆಯ ಅರ್ಧ ಮದುವೆಗಳಿಗೆ ನೆರಳು ಕೊಟ್ಟವನು ನಾನು, ಸ್ವಾಮಿ. ಆದರೆ ಊಟಕ್ಕೆ ಕೂತವರು ಎಲೆ ನೋಡುತ್ತಾರೆಯೇ ಹೊರತು ತಲೆ ಎತ್ತಿ ಶಾಮಿಯಾನ ನೋಡುತ್ತಾರೆಯೇ? ಅವನ ಕೆಂಪು ಗಾಡಿ ಹೊರಟರೆ ಮಾತ್ರ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತಿತ್ತು. ಆಯುಧಪೂಜೆಯ ದಿನ ನನ್ನ ಹೆಂಡತಿಯೂ ಆರತಿ ತಟ್ಟೆ ಹಿಡಿದು ಮೊದಲು ಅಲ್ಲಿಗೇ ಹೋಗುತ್ತಿದ್ದಳು.

"ನಮ್ಮ ಗಾಡಿ ಏನು ಪಾಪ ಮಾಡಿದೆ?"

"ನಮ್ಮ ತಳ್ಳುಗಾಡಿ ಎಲ್ಲೂ ಓಡಿಹೋಗಲ್ಲ, ಬಿಡಿ. ಅವರಿಗೆ ಯಾವಾಗ ಕರೆ ಬರುತ್ತೋ!"

ತೊಂಬತ್ತರ ದಶಕದ ಕೊನೆಗೆ ಒಂದು ಸುದ್ದಿ ಹಬ್ಬಿತು. ಖರ್ಚು ಉಳಿಸಲು ಆ ಸ್ಟೇಷನ್ ಮುಚ್ಚಿ, ಗಾಡಿ, ಜನ ಎಲ್ಲವನ್ನೂ ದೂರದ ಇನ್ನೊಂದು ಸ್ಟೇಷನ್ನಿಗೆ ಸೇರಿಸುತ್ತಾರಂತೆ. ನಿಜ ಹೇಳಲೇ? ರುದ್ರೇಶ ಕಣ್ಣೆದುರಿಂದ ತೊಲಗುತ್ತಾನೆ ಅಂತ ಅವತ್ತು ಒಂದು ಮುದ್ದೆ ಹೆಚ್ಚಿಗೇ ಉಂಡೆ.

ಬೀದಿ ಸುಮ್ಮನಿರಲಿಲ್ಲ. ನಮ್ಮಿಬ್ಬರಿಗೂ ಪಾಠ ಹೇಳಿದ್ದ ಶಾರದಾ ಮೇಡಂ ಸಹಿ ಸಂಗ್ರಹಿಸಿದರು, ಸ್ಟೇಷನ್ ಮುಂದೆ ಧರಣಿ ಅಂದರು. "ಕ್ಲಾಸಿಂದ ಓಡಿಹೋದೋನು ನೀನು, ಇದಕ್ಕಾದ್ರೂ ನಿಲ್ಲು. ಶಾಮಿಯಾನ ನಿಂದೇ ಕಣಪ್ಪ." ಬಾಡಿಗೆ ಬೇಡ ಅಂದೆ; ದೊಡ್ಡತನದಲ್ಲಾದರೂ ನಾನೇಕೆ ಹಿಂದೆ ಬೀಳಲಿ? ಒಳಗೆ ಮಾತ್ರ ಒಂದೇ ಕೊರೆತ: ನಾಳೆ ನನ್ನ ಅಂಗಡಿ ಮುಚ್ಚಿದರೆ ಯಾರು ಧರಣಿ ಕೂರುತ್ತಾರೆ?

ಹೊಚ್ಚಹೊಸದನ್ನೇ ತಂದೆ. ಎಲ್ಲರ ಕಣ್ಣಿಗೂ ಬೀಳಲಿ ಅಂತ ಗೇಟಿಗೆ ಅಡ್ಡಲಾಗಿ ಕಟ್ಟತೊಡಗಿದೆ. ರುದ್ರೇಶ ಆಚೆ ಬಂದ.

"ಮಗಾ, ಗೇಟ್ ಬಿಟ್ಟು ಆ ಕಡೆ ಕಟ್ಟೋ. ಕರೆ ಬಂದ್ರೆ ಗಾಡಿ ಹೊರಗೆ ಬರ್ಬೇಕು."

"ನನ್ನ ಕೆಲಸ ನಂಗೆ ಕಲಿಸ್ಬೇಡ. ಒಂದೇ ನಿಮಿಷದಲ್ಲಿ ಬಿಚ್ತೀನಿ."

"ಸರಿ ಗುರು, ನಿನ್ನ ಮಾತು ನಂಬ್ತೀನಿ," ಅಂತ ನಕ್ಕು ಒಳಗೆ ಹೋದ. ಆ ನಗುವಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದು ನೀರು ಚಿಮುಕಿಸಿದೆ. ನೆನೆದ ನಾರಿನ ಹಗ್ಗ ಗಂಟನ್ನು ಕಚ್ಚಿ ಹಿಡಿಯುತ್ತದೆ.

ಹನ್ನೊಂದರ ಹೊತ್ತಿಗೆ, ಮೇಡಂ ಮಾತಾಡುತ್ತಿರುವಾಗಲೇ ಒಳಗೆ ಗಂಟೆ ಹೊಡೆಯಿತು. ಕಲಾಸಿಪಾಳ್ಯದ ಹಾಸಿಗೆ ಅಂಗಡಿಯಲ್ಲಿ ಹತ್ತಿಗೆ ಬೆಂಕಿ ಬಿದ್ದಿತ್ತು. ಗಾಡಿ ಬಂದು ನನ್ನ ಬಟ್ಟೆಗೆ ಮೂತಿ ತಾಗಿಸಿ ನಿಂತಿತು. ಜನ ಎದ್ದು ಕುರ್ಚಿ ಎಳೆದರು. ನಾನು ಗಂಟಿಗೆ ಕೈ ಹಾಕಿದೆ. ಇಪ್ಪತ್ತು ವರ್ಷ ಪಳಗಿದ ಕೈ. ಉಗುರು ಕಿತ್ತರೂ ಗಂಟು ಬಿಚ್ಚಲಿಲ್ಲ. ರುದ್ರೇಶ ಕೊಡಲಿ ಹಿಡಿದು ಇಳಿದವನು ಒಂದು ಕ್ಷಣ ನನ್ನ ಮುಖ ನೋಡಿದ, ಅಪ್ಪಣೆ ಕೇಳುವ ಹಾಗೆ! ಕೊಡಲಿ ಕಿತ್ತುಕೊಂಡು ನಾನೇ ಹಗ್ಗ ಕಡಿದೆ, ಬಟ್ಟೆ ಸೀಳಿದೆ. ಗಾಡಿ ಹೋಯಿತು.

ಸಂಜೆ ರುದ್ರೇಶ ಮಸಿ ಮುಖ ಹೊತ್ತು ಮರಳಿದ. ಜನಕ್ಕೇನೂ ಆಗಿರಲಿಲ್ಲ, ಅಂಗಡಿ ಅರ್ಧ ಸುಟ್ಟಿತ್ತು. "ಬಟ್ಟೆ ಹೊಸದಾಗಿತ್ತಲ್ಲೋ," ಅಂದ, ಅಷ್ಟೇ. ಬೈದಿದ್ದರೆ ಇಬ್ಬರೂ ಸಮ ಆಗುತ್ತಿದ್ದೆವು. ಅದಕ್ಕೂ ಬಿಡಲಿಲ್ಲ.

ಮರುವಾರ ದೊಡ್ಡ ಅಧಿಕಾರಿಯೊಬ್ಬರು ಬಂದು ಸಭೆ ನಡೆಸಿದರು. ಗಾಡಿ ಆ ದೂರದ ಸ್ಟೇಷನ್ನಿಂದ ಬಂದರೂ ಹತ್ತು ನಿಮಿಷ ತಡ, ಅಷ್ಟೇ ತಾನೇ, ಅಂದರು. ಮೇಡಂ ಸಹಿಗಳ ಕಟ್ಟು ಮುಂದಿಟ್ಟರು. ಸಭೆಗಳಲ್ಲಿ ಕುರ್ಚಿ ಹಾಕುವವನು ನಾನು, ಮಾತಾಡುವವನಲ್ಲ. ಆದರೂ ಎದ್ದೆ.

"ಸಾರ್, ಅವತ್ತು ಗಾಡಿ ತಡೆದೋನು ನಾನು. ಈ ರುದ್ರೇಶ ಬೇಡ ಅಂದ್ರೂ ಹೊಟ್ಟೆಕಿಚ್ಚಿಗೆ ಅಡ್ಡ ಕಟ್ದೆ. ಐದು ನಿಮಿಷ ತಡ ಆಗಿದ್ದಕ್ಕೆ ಅರ್ಧ ಅಂಗಡಿ ಹೋಯ್ತು. ನಿಮ್ಮ ಹತ್ತು ನಿಮಿಷಕ್ಕೆ ಏನು ಉಳಿಯುತ್ತೆ, ನೀವೇ ಹೇಳಿ."

ಅವರು ಅದನ್ನೇ ಬರೆದುಕೊಂಡರು. ಕೆಲವು ತಿಂಗಳಿಗೆ ಸ್ಟೇಷನ್ ಉಳಿಯಿತೆಂಬ ಆದೇಶ ಬಂತು. ಹಾರ ಬಿದ್ದದ್ದು ರುದ್ರೇಶನ ಕೊರಳಿಗೆ. ಆ ಸಮಾರಂಭಕ್ಕೂ ಶಾಮಿಯಾನ ಕಟ್ಟಿದವನು ನಾನೇ, ಗೇಟ್ ಬಿಟ್ಟು.

ಇವತ್ತು ಆ ಸೀಳಿದ್ದನ್ನು ಮಡಿಸುವಾಗ, ಡ್ಯೂಟಿ ಮುಗಿಸಿ ಬಂದ ಅವನೇ ಇನ್ನೊಂದು ತುದಿ ಹಿಡಿದ. ಆ ಇಸ್ತ್ರಿ ಯೂನಿಫಾರಂ ಈಗಲೂ ಕಣ್ಣಿಗೆ ಚುಚ್ಚುತ್ತದೆ. ಆದರೆ ಶಾಮಿಯಾನ ಮಡಿಸಲು ಅವನಿಗೆ ಬರುವುದಿಲ್ಲ; ಎರಡು ಸಲ ಬೈದು ಕಲಿಸಿದೆ.

ಈಗ ನನ್ನ ಹತ್ತಿರ ಕುರ್ಚಿ ಮುನ್ನೂರು, ಹಂಡೆ ಆರು, ಬಾಡಿಗೆಗೆ ಕೊಡುವ ಶಾಮಿಯಾನ ಹತ್ತು, ಕೊಡದೆ ಇಟ್ಟುಕೊಂಡದ್ದು ಒಂದು.